ಬೆಲ್ಲದವನ ಮೂಗು

“ಗುರುಗಳೇ, ಹೊಗೆ ಹೋಗುವುದು ಆಕಾಶಕ್ಕೆ. ಆಕಾಶಕ್ಕೇನು ಬೇಲಿಯಿದೆಯೇ? ಅಷ್ಟು ದೊಡ್ಡದರಲ್ಲಿ ನನ್ನ ಒಂದಿಷ್ಟು ಹೊಗೆ ಯಾರಿಗೆ ಏನು ಮಾಡೀತು?” ಎಂದು ಶಿಷ್ಯ ಕಪನಯ್ಯ ಕೇಳಿದ.

ಅವನಿಗೆ ಬೇಜಾರಾಗಿತ್ತು. ಎರಡು ವರ್ಷದಿಂದ ದಿನಾ ಬೆಳಿಗ್ಗೆ ಮಠದ ಕಸವನ್ನು, ಭಕ್ತರು ಬಿಟ್ಟುಹೋದ ಪ್ಲಾಸ್ಟಿಕ್ ಕವರುಗಳ ಸಮೇತ, ಹಿತ್ತಲಲ್ಲಿ ಗುಡ್ಡೆ ಹಾಕಿ ಸುಡುತ್ತಿದ್ದ. ಪೂರ್ತಿ ಬೂದಿಯಾಗುವ ತನಕ ಕೋಲು ಹಿಡಿದು ಅಲ್ಲೇ ನಿಲ್ಲುತ್ತಿದ್ದ. ಇವತ್ತು ಪಕ್ಕದ ಮನೆಯ ಗೌರಜ್ಜಿ ಬಂದು, ಮೊಮ್ಮಗಳಿಗೆ ಗೂರಲು ಹೆಚ್ಚಾಗಿದೆ, ಬೆಂಕಿ ಹಾಕಬೇಡ ಎಂದು ಹೇಳಿ ಹೋಗಿದ್ದಳು. ಮಾಡಿದ ಸೇವೆಗೆ ಇದು ಬಹುಮಾನವೇ ಎಂದು ಗೊಣಗುತ್ತ, ಒಲೆಯ ಮೇಲೆ ಪಾಯಸಕ್ಕೆ ಹಾಲಿಟ್ಟು, ಗುರುಗಳ ಎದುರು ಬಂದು ಕುಳಿತಿದ್ದ.

ಗುರುಗಳು ನಕ್ಕು ಕತೆ ಶುರುಮಾಡಿದರು.

ಒಂದೂರಿನಲ್ಲಿ ಬೆಲ್ಲ ಮಾಡುವವನೊಬ್ಬನಿದ್ದ. ಅವನ ಆಲೆಮನೆಯ ಬೆಲ್ಲಕ್ಕೆ ಸುತ್ತ ಹತ್ತೂರಲ್ಲಿ ಹೆಸರು. ಆ ಹೆಸರೆಲ್ಲ ಅವನ ಮೂಗಿನ ಸಂಪಾದನೆ. ಉಳಿದವರು ಪಾಕವನ್ನು ನೀರಿಗೆ ಬಿಟ್ಟು, ಬೆರಳಲ್ಲಿ ಹಿಚುಕಿ ಹದ ನೋಡುತ್ತಿದ್ದರು. ಇವನು ಕಣ್ಣು ಮುಚ್ಚಿ ಕೊಪ್ಪರಿಗೆಯ ಪಕ್ಕ ನಿಂತು, ಒಂದು ಸಲ ಉಸಿರೆಳೆದು “ಇಳಿಸಿ” ಎನ್ನುತ್ತಿದ್ದ. ಒಂದು ದಿನವೂ ತಪ್ಪಿದ್ದಿಲ್ಲ. ಅದರ ಜಂಬವೂ ಸ್ವಲ್ಪ ಇತ್ತೆನ್ನಿ.

ಒಂದು ವರ್ಷ ಮಳೆ ಹಿಡಿದು ಒಲೆಗೆ ಹಾಕುವ ಕಬ್ಬಿನ ಸಿಪ್ಪೆ ಒಣಗಲಿಲ್ಲ. ಹಳೆಯ ಟೈರು ಸುಡು ಎಂದು ಯಾರೋ ಒಬ್ಬ ಉಪಾಯ ಹೇಳಿ, ಟೈರುಗಳನ್ನೂ ತಂದುಕೊಟ್ಟ. ಒಲೆ ಧಗಧಗ ಉರಿಯಿತು. ಅವನು ಹಿಗ್ಗಿಹೋದ. ಮಾರನೆಯ ದಿನವೇ ಊರ ಹೆಂಗಸರು ಒಣಹಾಕಿದ್ದ ಬಟ್ಟೆಯ ಮೇಲಿನ ಮಸಿ ತೋರಿಸಲು ಬಂದರು. ಆಲೆಮನೆಗೆ ಬಂದವರನ್ನು ಬರಿಬಾಯಲ್ಲಿ ಕಳಿಸುವ ಪದ್ಧತಿ ಇಲ್ಲ. ಎಲ್ಲರಿಗೂ ಲೋಟ ತುಂಬ ಕಬ್ಬಿನ ಹಾಲು ಕೊಟ್ಟ. ಅವರು ಹೋದ ಮೇಲೆ ಚಿಮಣಿಯನ್ನು ಹತ್ತು ಅಡಿ ಎತ್ತರಿಸಿದ. ಹೊಗೆ ಊರು ದಾಟಿ ಪಕ್ಕದ ಊರಿಗೆ ಇಳಿಯಿತು. ಅಲ್ಲಿಯವರು ಕೆಮ್ಮುತ್ತ ಬಂದರು. ಅವರಿಗೂ ಕಬ್ಬಿನ ಹಾಲು, ಚಿಮಣಿಗೆ ಇನ್ನೂ ಹತ್ತು ಅಡಿ. ಅವನ ಕೈಯಿಂದ ಕುಡಿದವರು ಅವನ ಮೇಲೇ ಜಗಳ ತೆಗೆಯುವುದು ಹೇಗೆ? ಬಾಯಿ ಒರೆಸಿಕೊಂಡು ಹೋದರು.

ಆದರೆ ಚಿಮಣಿ ಬೆಳೆದರೂ ಒಲೆ ಇದ್ದಲ್ಲೇ ಇತ್ತು. ಅದರ ಬಾಯಿಂದ ನುಗ್ಗಿದ ಹೊಗೆಗೆ ಮೊದಲು ಸಿಗುತ್ತಿದ್ದವನು ಅವನೇ.

ಒಂದು ಮಧ್ಯಾಹ್ನ ಎಂದಿನಂತೆ ಕಣ್ಣು ಮುಚ್ಚಿ ನಿಂತಿದ್ದ. ಹೆಂಡತಿ ಮನೆಯಿಂದ ಓಡಿಬಂದಳು.

“ಇದೇನು ಹಿಂಗೆ ನಿಂತಿದ್ದೀರಿ? ಸೀದ ವಾಸ್ನೆ ಬೀದಿಗಂಟ ಬತ್ತಾ ಐತೆ.”

“ಸುಮ್ಕಿರು, ಇನ್ನೂ ಪಾಕ ಬಂದಿಲ್ಲ.”

ಕಣ್ಣು ಬಿಟ್ಟು ನೋಡಿದರೆ ಕೊಪ್ಪರಿಗೆಯ ತಳದಲ್ಲಿ ಇದ್ದಿಲು. ಬಗ್ಗಿ ಮೂಸಿದ. ಏನೂ ತಿಳಿಯಲಿಲ್ಲ. ಅವನಿಗೆ ನಿಜಕ್ಕೂ ಭಯವಾಯಿತು. ಆ ಮೂಗು ಇಲ್ಲದಿದ್ದರೆ ಅವನೂ ಹತ್ತರ ಜೊತೆ ಹನ್ನೊಂದು.

ವೈದ್ಯನ ಹತ್ತಿರ ಓಡಿದ. ವೈದ್ಯ ಮುಚ್ಚುಮರೆಯಿಲ್ಲದೆ ಹೇಳಿದ. ಆ ಹೊಗೆಯ ಮಸಿ ಹಿಟ್ಟಿಗಿಂತ ನುಣುಪು, ನೆಟ್ಟಗೆ ಶ್ವಾಸಕೋಶಕ್ಕೆ ಇಳಿಯುತ್ತದೆ. ಟೈರಿನ ಗಂಧಕದ ಘಾಟು ಮೂಗನ್ನೂ ಗಂಟಲನ್ನೂ ಸುಡುತ್ತದೆ. ಮಕ್ಕಳು ಮುದುಕರು ಮೊದಲು ಕೆಮ್ಮುತ್ತಾರೆ, ಉಳಿದವರು ಆಮೇಲೆ. ಇದಕ್ಕೆ ಔಷಧ ಬೇಕಾದರೆ ಒಲೆಗೆ ಕೊಡು ಎಂದ.

ಬೆಲ್ಲದವನು ಉಳಿದ ಟೈರುಗಳನ್ನು, ತಂದುಕೊಟ್ಟವನ ಬಾಗಿಲಿಗೇ ಉರುಳಿಸಿ ಬಂದ. ಸಿಪ್ಪೆ ಒಣಗಿಸಲು ಒಂದು ಚಪ್ಪರ ಹಾಕಿಸಿದ. ಆ ಸುಗ್ಗಿಯೆಲ್ಲ ಕೊಪ್ಪರಿಗೆಯ ಪಕ್ಕ ಹೆಂಡತಿ ನಿಂತು “ಇಳಿಸಿ” ಅನ್ನುತ್ತಿದ್ದಳು. ಗಂಡನಿಗೆ ಅಪ್ಪಣೆ ಕೊಡುವ ಇಪ್ಪತ್ತು ವರ್ಷದ ಆಸೆ ಅವಳಿಗೆ ಹೊಟ್ಟೆ ತುಂಬ ತೀರಿತು. ಎಷ್ಟೋ ತಿಂಗಳ ಮೇಲೆ ಒಂದು ದಿನ ಅವನು ಊಟಕ್ಕೆ ಕೂತವನು ತಟ್ಟೆಯತ್ತ ಬಗ್ಗಿ, “ಸಾರಿಗೆ ಇಂಗು ಜಾಸ್ತಿಯಾಯ್ತು ಕಣೆ” ಎಂದ. ಬೇರೆ ದಿನವಾಗಿದ್ದರೆ ಸೌಟು ಎತ್ತುತ್ತಿದ್ದಳು. ಅವತ್ತು ಸೆರಗಿನಿಂದ ಕಣ್ಣೊರೆಸಿಕೊಂಡು ನಕ್ಕಳು.

ಕತೆ ಮುಗಿಯಿತು. ಕಪನಯ್ಯನೂ ನಕ್ಕ, ಆದರೆ ಬಗ್ಗಲಿಲ್ಲ.

“ಅವನು ಸುಟ್ಟದ್ದು ಟೈರು, ಗುರುಗಳೇ. ನಾನು ಸುಡುವುದು ನಾಲ್ಕು ಕವರು, ಒಂದಿಷ್ಟು ಎಲೆ. ನನಗೇನಾಗಿದೆ? ಗುಂಡುಕಲ್ಲಿನ ಹಾಗಿದ್ದೇನೆ.”

ಗುರುಗಳು ಅಡುಗೆಮನೆಯ ಕಡೆಗೊಮ್ಮೆ ನೋಡಿದರು.

“ಕಪನಯ್ಯ, ನಿನ್ನ ಪಾಯಸದ ಹಾಲು ತಳ ಹಿಡಿದು ಸೀದು, ಆಗಲೇ ಅರ್ಧ ಕತೆಯಷ್ಟು ಹೊತ್ತಾಯಿತು.”