ಕೇಳದಂಗಡಿ

ತೊರೆಬೀಡಿನಿಂದ ಮೂಡಲಕ್ಕೆ ಹೋಗುವ ದಾರಿಯಲ್ಲಿ, ಮೂರು ರಸ್ತೆಗಳು ಕೂಡುವಲ್ಲಿ, ಕೇಳದಂಗಡಿ ಎಂಬ ಸ್ಥಳವಿದೆ. ಊರು ಎನ್ನಲು ಮನೆಗಳು ಸಾಲವು. ಒಂದು ಹುಣಸೆಮರ, ಬಸ್ಸು ಕಾಯುವವರು ಕೂರುವ ಜಗಲಿ, ಹಳೆಯ ಕಲ್ಲಿನ ತಳಪಾಯದ ಮೇಲೆ ತಗಡು ಹೊದಿಸಿದ ಅಂಗಡಿ, ಅದಕ್ಕೆ ಹತ್ತುವ ಕಲ್ಲಿನ ಮೆಟ್ಟಿಲು, ಇಷ್ಟೇ. ಹೊಸಬರು ಹೆಸರು ಕೇಳಿ ನಗುತ್ತಾರೆ. ಕೇಳಿದ್ದು ಸಿಗದ ಅಂಗಡಿಯೇನೋ ಎಂದುಕೊಳ್ಳುತ್ತಾರೆ. ಬೇಕಾದ್ದೆಲ್ಲ ಸಿಗುತ್ತದೆ. ಆದರೆ ಬೆಂಕಿಪೊಟ್ಟಣ ಬೇಕೆಂದರೂ ಅಂಗಡಿಯವರು ಮೊದಲು "ಯಾರಿಗೆ?" ಎನ್ನುತ್ತಾರೆ. ಪರಸ್ಥಳದವರಿಗೆ ಇದು ಅಧಿಕಪ್ರಸಂಗವಾಗಿ ಕಾಣುವುದು ಸಹಜ. ನಿಮಗ್ಯಾಕ್ರೀ ಎಂದು ಸಿಡುಕಿದವರನ್ನು ನಾನು ಕಂಡಿದ್ದೇನೆ. ಅವರು ಬೀಡಿ ಹಚ್ಚದೆಯೇ ಬಸ್ಸು ಹತ್ತಿದ್ದನ್ನೂ ಕಂಡಿದ್ದೇನೆ.

ನಮ್ಮ ಕಡೆ ಮಾರುವವನಿಗೆ ಅವನ ಸರಕೇ ಹೆಸರು ಕೊಡುತ್ತದೆ. ಬಳೆ ತೊಡಿಸುವವನು ಬಳೆಗಾರ, ಹೂವು ಕಟ್ಟಿ ಮಾರುವವನು ಹೂವಾಡಿಗ, ಎಣ್ಣೆ ತರುವವನು ಗಾಣಿಗ. ಯಾವುದೂ ಹೊಂದದಿದ್ದರೆ ಸೆಟ್ಟಿ ಎಂದರಾಯಿತು, ಅವನೂ ಬೇಡವೆನ್ನುವುದಿಲ್ಲ. ಹಿಂದೆ ಒಮ್ಮೆ, ಈ ಕಡೆ ಗಾಡಿದಾರಿ ಮಾತ್ರ ಇದ್ದ ಕಾಲದಲ್ಲಿ, ಗಿರಿಸೆಟ್ಟಿ ಎಂಬುವನು ಇಲ್ಲಿ ಗ್ರಂಧಿಗೆ ಅಂಗಡಿ ಇಟ್ಟಿದ್ದನಂತೆ. ಪೂಜೆಗೆ ಅರಿಸಿನ ಕುಂಕುಮ, ಮದುವೆಗೆ ಬಾಸಿಂಗ, ಬಾಣಂತಿಗೆ ಓಮ ಶುಂಠಿ, ಕಡೆಗೆ ಸತ್ತವರಿಗೆ ಹೊದಿಸುವ ಬಟ್ಟೆ, ಎಲ್ಲವೂ ಅವನಲ್ಲಿ ಸಿಗುತ್ತಿದ್ದವು. ಈ ಕೊನೆಯ ಸರಕು ಮಾರುವವನನ್ನು ಏನೆಂದು ಕರೆಯಬೇಕೆಂದು ಯಾರಿಗೂ ತಿಳಿದಿರಲಿಲ್ಲ, ತಿಳಿದಿದ್ದರೂ ನಾಲಗೆಗೆ ತಂದುಕೊಳ್ಳುತ್ತಿರಲಿಲ್ಲ. ಕೂಡುದಾರಿಯವನು ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು.

ಆ ವ್ಯಾಪಾರಕ್ಕೆ ಅದರದೇ ಕಟ್ಟುಪಾಡು ಇತ್ತು. ಸಾವಿನ ಸಾಮಾನಿಗೆ ಬಂದವರು ಮೆಟ್ಟಿಲು ಹತ್ತುವುದಿಲ್ಲ, ಕೆಳಗೇ ನಿಲ್ಲುತ್ತಾರೆ. ಚೌಕಾಸಿ ಇಲ್ಲ, ಸಾಲ ಇಲ್ಲ. ಕಾಸನ್ನು ಮೇಲಿನ ಮೆಟ್ಟಿಲ ಮೇಲೆ ಇಡುತ್ತಾರೆ. ಹೋಗುವಾಗ ಅಂಗಡಿಯವನು 'ಹೋಗಿ ಬನ್ನಿ' ಎನ್ನುವುದಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಯಾರಿಗೆ ಎಂದು ಕೇಳಬಾರದು. ಗಂಡೋ ಹೆಣ್ಣೋ, ಮುತ್ತೈದೆಯೋ ಅಲ್ಲವೋ, ಸರಕು ತೆಗೆಯಲು ಇಷ್ಟು ತಿಳಿದರೆ ಸಾಕು. ಅದಕ್ಕೂ ಮೀರಿ ಕೇಳಿದರೆ ಸಾವು ಅಂಗಡಿಯ ಮೆಟ್ಟಿಲು ಹತ್ತುತ್ತದೆ ಎಂದು ಗಿರಿಸೆಟ್ಟಿಯ ತಂದೆ ಹೇಳಿಕೊಟ್ಟಿದ್ದನು. ಅವನಿಗೆ ಅವನ ತಂದೆ ಹೇಳಿದ್ದನು.

ಗಿರಿಸೆಟ್ಟಿಯ ಹೆಂಡತಿ ತೀರಿಕೊಂಡಿದ್ದಳು. ಇದ್ದವಳು ಒಬ್ಬಳೇ ಮಗಳು, ಹೊನ್ನಾಜಿ. ಗೌಜಗನೂರಿಗೆ ಕೊಟ್ಟಿದ್ದರು. ತುಂಬಿದ ಬಸುರಿ. ತವರಿನಲ್ಲಿ ನೋಡಿಕೊಳ್ಳುವ ಹೆಂಗಸಿಲ್ಲವೆಂದು ಹೆರಿಗೆಗೆ ಅಲ್ಲಿಯೇ ಉಳಿದಿದ್ದಳು. ಸೆಟ್ಟಿ ಓಮ, ಶುಂಠಿ, ಉತ್ತುತ್ತೆ, ಕೊಬ್ಬರಿಗಳನ್ನು ಆರಿಸಿ ಗಂಟು ಕಟ್ಟಿ, ಹೆರಿಗೆಯ ಸುದ್ದಿ ಹೊತ್ತು ಸಕ್ಕರೆ ಹಂಚುವವರು ಬಂದ ಕೂಡಲೇ ಹೊರಡಲು ಸಿದ್ಧನಾಗಿದ್ದನು. ಅಂಥ ಒಂದು ಬೆಳಗ್ಗೆ ಗುರುತಿಲ್ಲದ ಇಬ್ಬರು ಆಳುಗಳು ಬಂದು ಮೆಟ್ಟಿಲ ಕೆಳಗೆ ನಿಂತರು. ನಿಂತ ರೀತಿಯಿಂದಲೇ ಅವನಿಗೆ ತಿಳಿಯಿತು.

"ಗಂಡೋ, ಹೆಣ್ಣೋ?" ಎಂದನು.

ಇಬ್ಬರಲ್ಲಿ ಹಿರಿಯನು "ಮುತ್ತೈದೆ. ಬಾಣಂತಿ" ಎಂದು ಅವನ ಮುಖ ನೋಡಿದನು.

ಆ ಹಿರಿಯನನ್ನು ಗೌಜಗನೂರಿನವರು ಕಳಿಸಿದ್ದೇ ಸುದ್ದಿ ತಿಳಿಸಿ ಸೆಟ್ಟಿಯನ್ನು ಕರೆತರಲು. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಒದ್ದಾಡಿಕೊಂಡು ಬಂದಿದ್ದವನು. ಯಾರಿಗೆ ಎಂದು ಒಂದು ಮಾತು ಕೇಳಿದ್ದರೆ ಹೇಳಿಬಿಡುತ್ತಿದ್ದನು. ಸೆಟ್ಟಿ ಕೇಳಲಿಲ್ಲ. ಒಳಗೆ ಹೋಗಿ ಹಸಿರು ಸೀರೆ, ಅರಿಸಿನ, ಕುಂಕುಮ, ಬಾಣಂತಿ ಎಂದುದರಿಂದ, ಸತ್ತವಳು ಮನೆಗೆ ಹಿಂದಿರುಗದಂತೆ ದಾರಿಯಲ್ಲಿ ಚೆಲ್ಲಲು ಒಂದು ಪೊಟ್ಟಣ ಸಾಸಿವೆ ತಂದಿಟ್ಟನು. ಮಗಳು ಬಸುರಿಯಾಗಿರುವಾಗ ಆ ಮಾತಿಗೆ ಎದೆ ಧಸಕ್ಕೆನ್ನಲಿಲ್ಲವೇ ಎಂದು ಕೇಳುವವರುಂಟು. ಧಸಕ್ಕೆಂದೇ ಇರಬೇಕು. ಕೇಳಿದರೆ ಸಾವು ಮೆಟ್ಟಿಲು ಹತ್ತುತ್ತದೆಂದು ನಂಬಿದವನು ಅಂದು ಮಾತ್ರ ಹೇಗೆ ಕೇಳಿಯಾನು? ಹಿರಿಯನು ಪದ್ಧತಿಯಂತೆ ಕಾಸು ಇಟ್ಟನು. ತಂದೆ ಅದನ್ನು ಹಿಂದಕ್ಕೆ ತಳ್ಳುವನೆಂದು ಕಾದನು. ಸೆಟ್ಟಿ ತೆಗೆದುಕೊಂಡನು. "ಹೊತ್ತು ಮುಳುಗೋದ್ರೊಳಗೆ ಮಾಡ್ಬೇಕು ಅಂದವ್ರೆ" ಎಂದರೆ "ಹ್ಞೂಂ" ಎಂದನು. ಇವರಿಗೆ ಆಗಲೇ ಸುದ್ದಿ ಮುಟ್ಟಿದೆ, ಕಲ್ಲಾಗಿದ್ದಾರೆ, ಹಿಂದಿನಿಂದ ಬರುತ್ತಾರೆ ಎಂದುಕೊಂಡು ಆಳುಗಳು ಹೊರಟುಹೋದರು.

ಸತ್ತ ಮುತ್ತೈದೆಗೆ ತವರಿನ ಸೀರೆ ಹೊದಿಸಬೇಕು, ತವರಿನವರು ಮುಖ ನೋಡಬೇಕು. ಗೌಜಗನೂರಿನಲ್ಲಿ ಸೀರೆ ಹೊದಿಸಿ, ಹೊತ್ತು ಮುಳುಗುವವರೆಗೆ ದಾರಿ ನೋಡಿ, ಆಮೇಲೆ ತಾಯಿ ಮಗು ಇಬ್ಬರನ್ನೂ ಮಣ್ಣು ಮಾಡಿದರು. ಸೆಟ್ಟಿ ಅಂಗಡಿಯಲ್ಲಿ ಕೂತು, ಅದೇ ದಾರಿಯನ್ನು, ಸಕ್ಕರೆ ತರುವವರಿಗಾಗಿ ನೋಡುತ್ತಿದ್ದನು.

ಮರುದಿನ ಅಳಿಯನ ಅಣ್ಣ ಬಂದನು. ಸೆಟ್ಟಿ ಒಬ್ಬ ಹೆಂಗಸಿಗೆ ಬೆಲ್ಲ ತೂಗುತ್ತಿದ್ದನು.

"ಸೀರೆ ಕೊಟ್ಟು ಕುಂತ್ಬಿಟ್ರಲ್ಲ ಮಾವ. ತವರಿನ ಸೀರೆಗೂ ಕಾಸು ಈಸ್ಕೊಂಡ್ರಂತೆ."

ಆಗ ಗಿರಿಸೆಟ್ಟಿ, ಹುಟ್ಟಿದಾಗಿನಿಂದ ಆ ಅಂಗಡಿಯಲ್ಲಿ ಆಡದ ಮಾತನ್ನು ಆಡಿದನು. "ಯಾರಿಗೆ?"

"ಇನ್ಯಾರಿಗೆ, ನಿಮ್ಮ ಹೊನ್ನಾಜಿಗೆ."

ಅವನು ಅಳಲಿಲ್ಲ ಎನ್ನುತ್ತಾರೆ. ತಕ್ಕಡಿ ಸಮವಾಗುವವರೆಗೆ ನೋಡಿ, ಬೆಲ್ಲವನ್ನು ಕಟ್ಟಿ, "ತಗೊಳ್ಳಮ್ಮ" ಎಂದು ಹೆಂಗಸಿನ ಕೈಗೆ ಕೊಟ್ಟನಂತೆ. ಅತ್ತಿದ್ದರೆ ನನಗೆ ಈ ಕಥೆ ಹೇಳುವುದು ಇಷ್ಟು ಕಷ್ಟವಾಗುತ್ತಿರಲಿಲ್ಲ. ಆಮೇಲೆ ಎಷ್ಟೋ ವರ್ಷ ಬದುಕಿದನು, ದಿನವೂ ಬಾಗಿಲು ತೆಗೆದನು. ಅಂದಿನಿಂದ ಉಪ್ಪಿಗೆ ಬಂದವರನ್ನೂ ಯಾರಿಗೆ ಎಂದು ಕೇಳದೆ ಕೊಡಲಿಲ್ಲ. ಸತ್ತವರ ಹೆಸರು ಹೇಳಿದರೆ, ಮೆಟ್ಟಿಲಿಳಿದು ಬಂದು ಹೇಳಿದವರ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತಿದ್ದನು. ಹಾಗೆ ನಿತ್ಯ ಕೇಳುವವನ ಅಂಗಡಿಗೆ ಜನ ಕೇಳದಂಗಡಿ ಎಂದು ಹೆಸರಿಟ್ಟರು. ಹೆಸರೇ ಇಲ್ಲದ ವ್ಯಾಪಾರಿಗೆ ಕಡೆಗೂ ಸಿಕ್ಕಿದ ಹೆಸರು ಅವನು ಒಂದು ದಿನ ಮಾಡದೆ ಬಿಟ್ಟದ್ದರಿಂದ ಬಂತು. ಜನಕ್ಕೆ ಕರುಣೆ ಕಡಿಮೆ.

ಇಂದು ಅಲ್ಲಿ ತಿಮ್ಮಾಜಮ್ಮ ಅಂಗಡಿ ನಡೆಸುತ್ತಾಳೆ. ಸೆಟ್ಟಿಯ ವಂಶದವಳಲ್ಲ, ಜಾಗದ ಪದ್ಧತಿಯನ್ನು ಹಿಡಿದವಳು. ಕೆಳಗಿನ ಮೆಟ್ಟಿಲು ನಡುವೆ ಸವೆದು ತಗ್ಗಾಗಿದೆ. ಗಿರಾಕಿಗಳು ಹತ್ತಿ ಸವೆದದ್ದೆಂದು ನೋಡಲು ಬಂದವರು ತಿಳಿಯುತ್ತಾರೆ, ನಾನೂ ಹಾಗೆಯೇ ತಿಳಿದಿದ್ದೆ. ಹೋದ ಕಾರ್ತಿಕದಲ್ಲಿ ಹಸಿರು ಸೀರೆಗಾಗಿ ನಾನೇ ಆ ಮೆಟ್ಟಿಲ ಕೆಳಗೆ ನಿಂತೆ. ಬೆಳಗಿನಿಂದ ಗಾಡಿ ಗೊತ್ತುಮಾಡಿದ್ದೆ, ನೆಂಟರಿಗೆ ಬೇಗ ಬನ್ನಿರೆಂದಷ್ಟೇ ಹೇಳಿಕಳಿಸಿದ್ದೆ, ಕಣ್ಣು ಒದ್ದೆಯಾಗಿರಲಿಲ್ಲ.

"ಯಾರಿಗೆ, ಅಣ್ಣ?"

"ನನ್ನ ತಂಗಿ ದೇವೀರಿಗೆ" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಆಗಲೇ ಮೊದಲು. ತಿಮ್ಮಾಜಮ್ಮ ಸೀರೆಗೆ ಕೈಹಾಕಲಿಲ್ಲ. ಮಂಡಿ ಹಿಡಿದುಕೊಂಡು ನಿಧಾನವಾಗಿ ಮೆಟ್ಟಿಲಿಳಿದು, ಆ ಸವೆದ ತಗ್ಗಿನಲ್ಲೇ ಕಾಲಿಟ್ಟು ಬಂದು, ನನ್ನ ಪಕ್ಕದಲ್ಲಿ ನಿಂತಳು.