ನೇರಳೆ ಮರ ಬಿಡದ ಅಳಿಲು

ಮಕ್ಕಳೇ, ಕಾಡಿನ ನಡುವೆ ಒಂದು ಕೆರೆ. ಅದರ ಪಕ್ಕದ ಬಯಲಲ್ಲಿ ನಾಲ್ಕು ಮರ: ನೇರಳೆ, ಹೊಂಗೆ, ಬೇವು, ಅತ್ತಿ. ಬೇಸಿಗೆ ಬಂತೆಂದರೆ ಎರಡೂ ದಡದ ಪ್ರಾಣಿಗಳು ಅಲ್ಲಿ ಚೆಂಡಾಟಕ್ಕೆ ಸೇರುತ್ತಿದ್ದವು. ಒಣಗಿದ ಸೋರೆಬುರುಡೆಯೇ ಚೆಂಡು, ಇದ್ದದ್ದು ಅದೊಂದೇ. ಚೆಂಡು ಹೊಡೆದವರು ನೇರಳೆಯಿಂದ ಓಡಿ, ಉಳಿದ ಮೂರು ಮರ ಮುಟ್ಟಿ, ಮತ್ತೆ ನೇರಳೆಗೆ ಬಂದರೆ ಒಂದು ಸುತ್ತು. ಓಡುವವರಿಗೆ ಹೊಡೆಯಲು ಎದುರಾಳಿ ಎಸೆದ ಚೆಂಡು ಗುರಿತಪ್ಪಿ ಕೆರೆಗೆ ಬಿದ್ದರೆ, ಎಸೆಯುವ ಹೊತ್ತಿಗೆ ಕೊನೆಗೆ ಮುಟ್ಟಿದ್ದ ಮರದ ಮುಂದಿನ ಮರ ಅವರಿಗೆ ಬಿಟ್ಟಿ. ಗೆದ್ದ ದಡದವರಿಗೆ ಆ ವರ್ಷದ ನೇರಳೆ ಹಣ್ಣೆಲ್ಲ.

ತೀರ್ಪುಗಾರ ಕೊಕ್ಕರೆ ಧವಳರಾಯ. ನೀರಂಚಿನಲ್ಲಿ ಒಂಟಿಕಾಲಲ್ಲಿ ನಿಂತು ತೀರ್ಪು ಕೊಡುವ ಅವನ ಗತ್ತು ನೋಡಬೇಕಿತ್ತು. ಆದರೆ ಕಣ್ಣು ಸದಾ ಮೀನಿನ ಮೇಲೆ. "ನಾನು ನೋಡಲಿಲ್ಲ" ಎಂಬ ಮಾತು ಮಾತ್ರ ಆ ಕೊಕ್ಕಿನಿಂದ ಬಂದದ್ದೇ ಇಲ್ಲ.

ಅವತ್ತು ಕೊನೆಯ ಓಟ. ಎರಡೂ ಕಡೆ ಸಮಸಮ. ಮೇಲಿನ ದಡದ ಅಳಿಲು ಚಿಗಳಿ ಬಾಲ ಎತ್ತಿ ಓಡಿದಳು. ಹೋದ ವರ್ಷ ಸೋತು, ಅವಳ ಮರಿಗಳು ಒಂದು ನೇರಳೆ ಹಣ್ಣನ್ನೂ ಬಾಯಿಗಿಟ್ಟಿರಲಿಲ್ಲ. ಹೊಂಗೆ ಮುಟ್ಟಿದಳು, ಬೇವು ಮುಟ್ಟಿದಳು, ಅತ್ತಿಯನ್ನೂ ಮುಟ್ಟಿದಳು. ಕೆಳಗಿನ ದಡದ ಮಂಗ ಕೆಂಚ ಚೆಂಡು ಎಸೆದದ್ದು ಆಮೇಲೆ. ಅದು ಎಲ್ಲರ ತಲೆ ಮೇಲಿಂದ ಹಾರಿ ಕೆರೆಗೆ ಬಿತ್ತು. ಚಿಗಳಿ ಆರಾಮಾಗಿ ನಡೆದು ಬಂದು ನೇರಳೆ ಮರ ಏರಿ ಕೂತಳು.

ಸದ್ದಿಗೆ ಮೀನು ಚದುರಿತು, ಧವಳರಾಯನಿಗೆ ರೇಗಿತು. "ಎಸೆದಾಗ ನೀನಿನ್ನೂ ಬೇವಿನ ಹತ್ತಿರ ಇದ್ದೆ. ವಾಪಸ್ ಅತ್ತಿಗೆ ಹೋಗು."

"ರಾಯರೇ, ನೀವು ನೋಡಿದಿರಾ?"

"ನನ್ನ ಕಣ್ಣಿಗೆ ಬೀಳದ್ದು ಯಾವುದಿದೆ?"

"ನೋಡಲಿಲ್ಲ ಅನ್ನಿ, ಈಗಲೇ ಇಳಿದು ಮತ್ತೆ ಓಡ್ತೀನಿ. ನೋಡಿದೆ ಅಂದರೆ ನಾನು ಈ ಮರ ಬಿಡೋದಿಲ್ಲ."

"ಇಳಿದುಬಿಡೇ ಮಾರಾಯ್ತಿ, ರಾಯರನ್ನ ಎದುರು ಹಾಕ್ಕೊಂಡು ಇಲ್ಲಿ ಬಾಳೋಕಾಗುತ್ತಾ?" ಎಂದು ಅವಳ ತಂಡದ ಮೊಲವೇ ಗೋಗರೆಯಿತು.

"ಇಳಿಯದಿದ್ದರೆ ಇನ್ನು ನಿನಗೆ ಆಟವೇ ಇಲ್ಲ" ಎಂದು ಗದರಿದ ಧವಳರಾಯ ಮತ್ತೆ ನೀರಿನತ್ತ ತಿರುಗಿದ. ಚದುರಿದ ಮೀನು ವಾಪಸ್ ಬರುತ್ತಿತ್ತು.

ಚಿಗಳಿಗೆ ಮೈಯೆಲ್ಲ ಉರಿಯಿತು. ಆದರೂ ದನಿ ತಗ್ಗಿಸಿ ಕೇಳಿದಳು: "ಆಗಲಿ ರಾಯರೇ. ಇದೀಗ ಕೆಂಚ ಇನ್ನೊಂದು ಸಲ ಎಸೆದನಲ್ಲ, ಅದು ನೀರಿಗೆ ಬಿತ್ತೋ, ದಡದಲ್ಲೇ ನಿಂತಿತೋ?"

"ದಡದಲ್ಲೇ ನಿಂತಿತು" ಎಂದ ಧವಳರಾಯ, ಕತ್ತು ತಿರುಗಿಸದೆ. "ಸರಿಯಾಗಿ ನೋಡಿದ್ದೇನೆ."

ಎರಡೂ ದಡದವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಇದ್ದ ಒಂದೇ ಸೋರೆಬುರುಡೆ ಇನ್ನೂ ಕೆರೆಯಲ್ಲಿ, ಅವನ ಎದುರಿಗೇ ತೇಲುತ್ತಿತ್ತು!

"ಈಗ ಹೇಳಿ ರಾಯರೇ" ಎಂದಳು ಚಿಗಳಿ.

ಧವಳರಾಯ ಎತ್ತಿದ ಕಾಲನ್ನು ಕೆಳಗಿಟ್ಟ. "ನೋಡಲಿಲ್ಲ."

ಕೊಟ್ಟ ಮಾತಿನಂತೆ ಚಿಗಳಿ ಮತ್ತೆ ಓಡಲು ಇಳಿಯತೊಡಗಿದಳು. ಕೆಂಚ ತಲೆ ಕೆರೆದುಕೊಂಡು ಅಡ್ಡ ಬಂದ. "ಇಳೀಬೇಡ ಕಣೇ. ಎಸೆದವನು ನಾನು. ನೀನು ಅತ್ತಿ ಮುಟ್ಟಿ ಆಗಿತ್ತು. ಆಗಲೇ ಹೇಳಬೇಕಿತ್ತು."

ಆ ಬೇಸಿಗೆ ಚಿಗಳಿಯ ಮರಿಗಳ ನಾಲಗೆಯೆಲ್ಲ ನೀಲಿ. ಇವತ್ತಿಗೂ ಆ ಬಯಲಲ್ಲಿ ತೀರ್ಪುಗಾರರು ಕೆರೆಗೆ ಬೆನ್ನು ಹಾಕಿಯೇ ನಿಲ್ಲಬೇಕು.

ನೀತಿ: ಕಾಣದ್ದನ್ನು ಕಂಡೆ ಎನ್ನುವವರು ಎಷ್ಟೇ ದೊಡ್ಡವರಾದರೂ, ಅವರ ಮಾತಿಗೆ ತಲೆಬಾಗಬೇಕಿಲ್ಲ.