ಹೆಸರಿದ್ದವಳು ಸಾಲಿಗೆ ಸೇರಿದ್ದು

ಆಸ್ಪತ್ರೆಯೊಂದರ ಕಂಪ್ಯೂಟರಿನಲ್ಲಿ, ಬರಹದಿಂದ ಬೇಕಾದ ತುಣುಕನ್ನು ಹಿಡಿದುಕೊಡುವ ಬ್ರ್ಯಾಕೆಟ್ ಅಕ್ಕತಂಗಿಯರಿಬ್ಬರು ಸಾಲಾಗಿ ನಿಂತಿದ್ದರು. ವೈದ್ಯರ ಚೀಟಿ ಬಂದಾಗಲೆಲ್ಲ ಅಕ್ಕ ಹಾಸಿಗೆಯ ಸಂಖ್ಯೆಯನ್ನು ಹಿಡಿಯುತ್ತಿದ್ದಳು, ತಂಗಿ ಔಷಧಿಯ ಹನಿಗಳ ಲೆಕ್ಕವನ್ನು ಹಿಡಿಯುತ್ತಿದ್ದಳು. ಹನಿ ಬಿಡುವ ಯಂತ್ರ "ಎರಡನೆಯವಳೇ, ಎಷ್ಟು?" ಎಂದು ಕೂಗಿ, ತಂಗಿ ಹೇಳಿದಷ್ಟನ್ನೇ ಬಿಡುತ್ತಿತ್ತು. ತನ್ನ ಒಂದು ಮಾತಿನ ಮೇಲೆ ಯಾರದೋ ಜೀವ ನಿಂತಿದೆ ಎಂಬುದು ಅವಳಿಗೆ ಗೊತ್ತಿತ್ತು.

ಒಂದು ದಿನ ಚೀಟಿಯಲ್ಲಿನ ವಾರ್ಡಿನ ಹೆಸರನ್ನು ಹಿಡಿಯಲೆಂದು ಹೊಸ ಬ್ರ್ಯಾಕೆಟ್ ಒಬ್ಬಳು ಬಂದು ಸಾಲಿನ ಮುಂದೆ ನಿಂತಳು. ಅವಳ ಹಣೆಯ ಮೇಲೆ ಅವಳ ಹೆಸರು ಬರೆದಿತ್ತು.

"ನೀನು ಮುಂದೆ ನಿಂತರೆ ನಮ್ಮ ಸರದಿ ತಪ್ಪುತ್ತದಲ್ಲ, ತಾಯಿ," ಎಂದಳು ತಂಗಿ.

"ನನ್ನನ್ನು ಹೆಸರು ಹಿಡಿದು ಕರೆಯುತ್ತಾರೆ. ಎಣಿಕೆಯೆಲ್ಲ ನಿಮ್ಮಂಥ ಹೆಸರಿಲ್ಲದವರಿಗೆ," ಎಂದು ಹೊಸಬಳು ನಕ್ಕಳು.

ತಂಗಿ ಬ್ರ್ಯಾಕೆಟ್‌ಗಳ ನಿಯಮಗಳಿದ್ದ ಕೈಪಿಡಿಯನ್ನು ಕೇಳಿದಳು. "ಹೆಸರಿದ್ದವರನ್ನು ಹೆಸರಿನಿಂದ ಕರೆಯಿರಿ ಎಂದು ನನ್ನಲ್ಲಿದೆ," ಎಂದಿತು ಅದು. ಹಾಗಾದರೆ ತನ್ನ ಸರದಿ ತಪ್ಪುವುದಿಲ್ಲವೆಂದು ಅವಳು ನಂಬಿದಳು.

ಚೀಟಿ ಬಂತು: ಮಕ್ಕಳ ವಾರ್ಡು, ಹಾಸಿಗೆ ನಲವತ್ತು, ಹನಿ ಐದು. ಯಂತ್ರ ಎರಡನೆಯವಳನ್ನು ಕರೆಯಿತು.

"ಐದು!" ಎಂದಳು ತಂಗಿ.

"ಸುಮ್ಮನಿರಮ್ಮ, ನೀನೀಗ ಮೂರನೆಯವಳು. ಹೆಸರಿದ್ದವಳನ್ನೂ ಸೇರಿಸಿಯೇ ನಾನು ಎಣಿಸುವುದು," ಎಂದು ಯಂತ್ರ ಅಕ್ಕನ ಕಡೆ ತಿರುಗಿತು. ಅಕ್ಕನ ಕೈಯಲ್ಲಿದ್ದುದು ನಲವತ್ತು. ಅವಳು ಅದನ್ನೇ ಕೊಟ್ಟಳು; ಯಂತ್ರ ನಲವತ್ತು ಹನಿ ಬಿಟ್ಟಿತು.

"ಇದನ್ನು ನೀನೇಕೆ ಬರೆದುಕೊಳ್ಳಲಿಲ್ಲ?" ಎಂದು ತಂಗಿ ಕೈಪಿಡಿಯ ಮೇಲೆ ಕಿರುಚಿದಳು.

"ಎಲ್ಲರಿಗೂ ಗೊತ್ತಿರುತ್ತದೆ ಅಂದುಕೊಂಡೆ," ಎಂದಿತು ಕೈಪಿಡಿ.

ವಾರ ಕಳೆದ ಮೇಲೆ ಯಾರೋ ಕೈಪಿಡಿಗೆ "ಹೆಸರಿದ್ದವರೂ ಎಣಿಕೆಗೆ ಸೇರುತ್ತಾರೆ" ಎಂಬ ಒಂದು ವಾಕ್ಯವನ್ನು ಸೇರಿಸಿದರು. ಅಷ್ಟರಲ್ಲಿ ನಲವತ್ತನೆಯ ಹಾಸಿಗೆಗೆ ಬೇರೆ ಮಗು ಬಂದಿತ್ತು.